ಗೈಡ್ ಜೊತೆ ಪೋರ್ಚುಗಲ್: ಲಿಸ್ಬನ್‌ನಿಂದ ದೋರು ಕಣಿವೆವರೆಗೆ ಅವಸರವಿಲ್ಲದೆ ಸುತ್ತುವ ಸಮಗ್ರ ಮಾರ್ಗದರ್ಶಿ

ಪೋರ್ಚುಗಲ್‌ಗೆ ಟೂರ್ ಹೋಗಿ ಬಂದ ಹಲವರ ದೂರು ಒಂದೇ: "ದೇಶ ಚೆನ್ನಾಗಿತ್ತು, ಆದರೆ ನಾವು ನೋಡಿದ್ದು ಬಸ್ಸಿನ ಕಿಟಕಿಯಿಂದ." ನಿಧಾನದ ಪ್ರವಾಸ ಅಂತಲೇ ದುಡ್ಡು ಕಟ್ಟಿರುತ್ತಾರೆ. ಅಲ್ಲಿಗೆ ಹೋದ ಮೇಲೆ ದಿನಾ ಬೆಳಗ್ಗೆ ಆರಕ್ಕೆ ಸೂಟ್‌ಕೇಸ್ ಬಾಗಿಲ ಹೊರಗಿಡಬೇಕು, ರಾತ್ರಿ ಇನ್ನೊಂದು ಹೋಟೆಲಿನಲ್ಲಿ ಲೈಟಿನ ಸ್ವಿಚ್ ಹುಡುಕಬೇಕು.

ಇದರಲ್ಲಿ ಮೋಸ ಏನೂ ಇರುವುದಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ಎಲ್ಲ ಬರೆದೇ ಇರುತ್ತದೆ. ನಾವು ಅದರಲ್ಲಿ ಊರುಗಳ ಹೆಸರು ಎಣಿಸುತ್ತೇವೆ, ಎಷ್ಟು ಜಾಸ್ತಿ ಊರೋ ಅಷ್ಟು ಲಾಭ ಅಂದುಕೊಳ್ಳುತ್ತೇವೆ. ಎಣಿಸಬೇಕಾದದ್ದು ರಾತ್ರಿಗಳನ್ನು.

ಎರಡನೆಯ ತೊಂದರೆ ಕೆಲಸಗಳ ಕ್ರಮದ್ದು. ಅಗ್ಗಕ್ಕೆ ಸಿಕ್ಕಿತು ಅಂತ ಮೊದಲು ವಿಮಾನದ ಟಿಕೆಟ್ ಕೊಂಡು, ಆಮೇಲೆ ಟೂರ್ ಹುಡುಕಿ, ಕೊನೆಗೆ ವೀಸಾ ಸ್ಲಾಟ್‌ಗೆ ಪರದಾಡುವವರೇ ಜಾಸ್ತಿ. ಮೊದಲು ತಿಂಗಳು, ಆಮೇಲೆ ರಾತ್ರಿಗಳ ಹಂಚಿಕೆ, ಆಮೇಲೆ ಟೂರ್, ಆಮೇಲೆ ಟಿಕೆಟ್ ಮತ್ತು ವೀಸಾ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಪಾಸ್‌ಪೋರ್ಟ್ ತೆಗೆದು ನೋಡಿ. ಕೊಟ್ಟು 10 ವರ್ಷದ ಒಳಗಿರಬೇಕು, ವಾಪಸ್ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಇದು ಸರಿ ಇಲ್ಲದಿದ್ದರೆ ಮುಂದಿನದೆಲ್ಲ ಸುಮ್ನೆ.

ಇನ್ನು ಸಾಮಾನು. ರಬ್ಬರ್ ಹಿಡಿತದ, ಆಗಲೇ ಹಾಕಿ ಪಳಗಿಸಿದ ಶೂ ಎಲ್ಲಕ್ಕಿಂತ ಮುಖ್ಯ. ಪೋರ್ಚುಗಲ್‌ನ ಕಾಲುದಾರಿಗಳಿಗೆ ಸಣ್ಣ ಸಣ್ಣ ಸುಣ್ಣದ ಕಲ್ಲು ಹಾಸಿರುತ್ತಾರೆ. ನಡೆದು ನಡೆದು ಅವು ನುಣ್ಣಗಾಗಿವೆ, ಮಳೆ ಹನಿದರೆ ಜಾರುತ್ತವೆ. ಚಪ್ಪಟೆ ಚರ್ಮದ ಅಟ್ಟೆಯ ಚಪ್ಪಲಿ ಬೇಡವೇ ಬೇಡ. ಮೊಣಕಾಲು ನೋವಿರುವವರಿಗೆ ಮಡಚುವ ಊರುಗೋಲು ಒಳ್ಳೆಯದು. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ, ಯುರೋಪಿನ ಎರಡು ದುಂಡು ಪಿನ್ನಿನ ಅಡಾಪ್ಟರ್ ಬೇಕು. ಫಾರೆಕ್ಸ್ ಕಾರ್ಡ್, ಡಾಕ್ಟರ್ ಚೀಟಿಯ ಜೊತೆಗೆ ಮಾತ್ರೆಗಳು, ತೆಳು ಜಾಕೆಟ್. ಇಷ್ಟಿದ್ದರೆ ಸಾಕು.

ಹಂತ 1: ತಿಂಗಳು ಗೊತ್ತುಮಾಡಿ

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಒಂದು ಒಳ್ಳೆಯ ಕಾಲ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಇನ್ನೊಂದು. ದ್ರಾಕ್ಷಿ ಕೊಯ್ಲು ನೋಡಬೇಕೆಂದರೆ ಸೆಪ್ಟೆಂಬರ್‌ನಲ್ಲೇ ಹೋಗಬೇಕು.

ನಮ್ಮವರ ಸಾಮಾನ್ಯ ತಪ್ಪು ಜುಲೈ, ಆಗಸ್ಟ್. "ಯುರೋಪ್ ಅಂದರೆ ತಂಪು" ಅಂತ ನಂಬಿ ಹೋಗುತ್ತಾರೆ. ದಕ್ಷಿಣದಲ್ಲಿ ಎವೊರಾ ಊರು ಇರುವ ಅಲೆಂತೆಜು ಬಯಲು ಮತ್ತು ಉತ್ತರದ ದೋರು ನದಿಯ ಕಣಿವೆ ಎರಡರಲ್ಲೂ ಆ ತಿಂಗಳುಗಳಲ್ಲಿ 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ರಾಯಚೂರಿನ ಮೇ ತಿಂಗಳನ್ನು ಯುರೋ ಕೊಟ್ಟು ಕೊಂಡ ಹಾಗೆ. ನವೆಂಬರ್‌ನಿಂದ ಫೆಬ್ರವರಿವರೆಗೆ ದರ ಕಡಿಮೆ, ಆದರೆ ಪೋರ್ಟೊ ಕಡೆ ಮಳೆ ಬಿಡದೆ ಸುರಿಯುತ್ತದೆ.

ಜೂನ್‌ನಲ್ಲಿ ಎರಡು ದಿನಾಂಕ ನೆನಪಿರಲಿ. ಜೂನ್ 12ರ ರಾತ್ರಿ ಲಿಸ್ಬನ್‌ನಲ್ಲಿ ಸಂತ ಅಂತೋನಿಯ ಹಬ್ಬ, 23ರ ರಾತ್ರಿ ಪೋರ್ಟೊದಲ್ಲಿ ಸಂತ ಜಾನ್ ಹಬ್ಬ. ಇಡೀ ಊರು ಬೀದಿಯಲ್ಲಿರುತ್ತದೆ. ಗದ್ದಲ ಇಷ್ಟವಿದ್ದರೆ ಅದೇ ಹೊತ್ತಿಗೆ ಹೋಗಿ. ರಾತ್ರಿ ಹತ್ತಕ್ಕೆ ಮಲಗುವವರು ಆ ದಿನಗಳನ್ನು ತಪ್ಪಿಸಿ.

ಹಂತ 2: ಊರಿನ ಹೆಸರು ಬರೆಯುವ ಮುಂಚೆ ರಾತ್ರಿ ಹಂಚಿ

ಒಂದು ಕಾಗದ ತಗೊಳ್ಳಿ. ಒಟ್ಟು ಎಷ್ಟು ರಾತ್ರಿ ಇರಬಲ್ಲಿರಿ ಅಂತ ಮೇಲೆ ಬರೆಯಿರಿ. ಈಗ ಒಂದು ನಿಯಮ: ಯಾವ ಊರಿನಲ್ಲೂ ಒಂದೇ ರಾತ್ರಿ ತಂಗಬಾರದು.

ಕಾರಣ ಸರಳ. ಹೋಟೆಲ್ ಬದಲಾಯಿಸುವ ದಿನ ಅರ್ಧ ದಿನ ಹೋಗುತ್ತದೆ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಕೋಣೆ ಬಿಡಬೇಕು, ಮುಂದಿನ ಹೋಟೆಲಿನಲ್ಲಿ ಮಧ್ಯಾಹ್ನ ಮೂರಕ್ಕೆ ಕೋಣೆ ಸಿಗುತ್ತದೆ. ನಡುವೆ ಪ್ಯಾಕಿಂಗ್, ಬಸ್ಸು, ಊಟ, ಕಾಯುವುದು. ಒಂದೇ ರಾತ್ರಿ ಉಳಿದರೆ ಆ ಊರಿಗೆ ಸಿಗುವುದು ಒಂದು ಸಂಜೆ ಮಾತ್ರ.

13 ರಾತ್ರಿ ಇದ್ದರೆ ನಾನು ಹೀಗೆ ಹಂಚುತ್ತೇನೆ: ಲಿಸ್ಬನ್ 4, ಎವೊರಾ 2, ಕೊಯಿಂಬ್ರಾ 2, ದೋರು ಕಣಿವೆ 2, ಪೋರ್ಟೊ 3. ಸಿಂತ್ರಾವನ್ನು ಲಿಸ್ಬನ್‌ನಿಂದ, ಗಿಮರಾಯ್ಸ್ ಮತ್ತು ಬ್ರಾಗಾವನ್ನು ಪೋರ್ಟೊದಿಂದ ಹಗಲಿನಲ್ಲಿ ಹೋಗಿಬಂದರೆ ಸಾಕು. ಹತ್ತೇ ರಾತ್ರಿ ಇದ್ದರೆ ಎಲ್ಲದರಲ್ಲೂ ಒಂದೊಂದು ಕತ್ತರಿಸಬೇಡಿ. ಎವೊರಾವನ್ನು ಪೂರ್ತಿ ಬಿಟ್ಟು, ಲಿಸ್ಬನ್‌ನಲ್ಲಿ ಒಂದು ರಾತ್ರಿ ಕಡಿಮೆ ಮಾಡಿ. ಕಷ್ಟವಾಗುತ್ತದೆ, ಆದರೂ ಬಿಡಿ.

ದಕ್ಷಿಣದಿಂದ ಉತ್ತರಕ್ಕೆ ಹೋಗುವುದೇ ಸರಿ. ದೊಡ್ಡ ಏರುಗಳ ಲಿಸ್ಬನ್ ಮೊದಲು ಮುಗಿಯುತ್ತದೆ, ಕೊನೆಯಲ್ಲಿ ಪೋರ್ಟೊ ವಿಮಾನ ನಿಲ್ದಾಣ ಸಿಗುತ್ತದೆ, ಹಿಂದಕ್ಕೆ ಬರುವ ಪ್ರಯಾಣ ಉಳಿಯುತ್ತದೆ.

ಎಚ್ಚರಿಕೆಯ ಗುರುತು: ನಿಮ್ಮ ಹಾಳೆಯಲ್ಲಿ ಮ್ಯಾಡ್ರಿಡ್ ಅಥವಾ ಬಾರ್ಸಿಲೋನಾ ಹೆಸರು ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ. "ಹೇಗೂ ಅಷ್ಟು ದೂರ ಹೋಗ್ತೀವಲ್ಲ" ಅನ್ನುವ ಮಾತಿನಿಂದಲೇ ಹತ್ತು ದಿನದ ಸ್ಪೇನ್-ಪೋರ್ಚುಗಲ್ ಓಟ ಹುಟ್ಟುವುದು.

ಹಂತ 3: ಟೂರ್ ಕಾರ್ಯಕ್ರಮವನ್ನು ಪೆನ್ನು ಹಿಡಿದು ಓದಿ

ಜಾಸ್ತಿ ಜನ ಎಡವುವುದು ಇಲ್ಲಿ. ಹಾಗಾಗಿ ಇದಕ್ಕೆ ಒಂದು ಸಂಜೆ ಕೊಡಿ.

ಮೊದಲು ಕ್ರಿಯಾಪದಗಳನ್ನು ನೋಡಿ. ಕಾರ್ಯಕ್ರಮದಲ್ಲಿ "ವಿಸಿಟ್" ಅಂತಿದ್ದರೆ ಒಳಗೆ ಹೋಗುತ್ತೀರಿ, ಟಿಕೆಟ್ ಸೇರಿರಬೇಕು. "ವ್ಯೂ" ಅಂತಿದ್ದರೆ ಹೊರಗಿನಿಂದ ನೋಡುತ್ತೀರಿ. "ಫೋಟೋ ಸ್ಟಾಪ್" ಅಂದರೆ ಹತ್ತು ನಿಮಿಷ. "ಪನೋರಮಿಕ್ ಟೂರ್" ಅಂದರೆ ಬಸ್ಸಿನಿಂದ ಇಳಿಯುವುದೇ ಕಡಿಮೆ. "ಎನ್ ರೂಟ್" ಅಂದರೆ ದಾರಿಯಲ್ಲಿ ಸಿಕ್ಕಿತು ಅಷ್ಟೇ. "ವಿಸಿಟ್" ಇರುವ ಜಾಗಗಳಿಗೆ ಮಾತ್ರ ಅಡಿಗೆರೆ ಎಳೆಯಿರಿ. ಪಟ್ಟಿ ಎಷ್ಟು ಚಿಕ್ಕದಾಯಿತು ನೋಡಿ.

ಎರಡನೆಯದಾಗಿ ಪ್ರತಿ ರಾತ್ರಿಯ ಹೋಟೆಲ್ ಹೆಸರು ಕೇಳಿ, ನಕ್ಷೆಯಲ್ಲಿ ಹುಡುಕಿ. "ಅಥವಾ ಅದೇ ದರ್ಜೆಯ" ಅನ್ನುವ ಮಾತು ಎಲ್ಲ ಕಡೆ ಇರುತ್ತದೆ. ಅದಕ್ಕೆ ಜಗಳ ಬೇಡ. "ಬದಲಾದರೂ ಹಳೆ ಊರಿನೊಳಗೇ ಇರುತ್ತದಾ?" ಅಂತ ಬರಹದಲ್ಲಿ ಕೇಳಿ. ಹೈವೇ ಪಕ್ಕದ ಹೋಟೆಲ್ ಸಿಕ್ಕರೆ ಸಂಜೆಯ ಬಿಡುವಿನ ಸಮಯ ಇದ್ದೂ ಇಲ್ಲದಂತೆ. ಎವೊರಾದಲ್ಲಿ ಕೋಟೆಗೋಡೆಯ ಒಳಗೆ, ಪೋರ್ಟೊದಲ್ಲಿ ನದಿಗೆ ನಡೆದು ಹೋಗುವಷ್ಟು ಹತ್ತಿರ ಇರಲಿ.

ಆಮೇಲೆ ಈ ಪ್ರಶ್ನೆಗಳನ್ನು ಕಳಿಸಿ:

1. ಗುಂಪಿನಲ್ಲಿ ಗರಿಷ್ಠ ಎಷ್ಟು ಜನ? ಇಪ್ಪತ್ತರ ಮೇಲೆ ಹೋದರೆ ಬರೀ ತಲೆ ಎಣಿಸುವುದಕ್ಕೇ ಹೊತ್ತು ಹೋಗುತ್ತದೆ.
2. ಪ್ರತಿ ಊರಿನಲ್ಲೂ ಸ್ಥಳೀಯ ಗೈಡ್ ಇದ್ದಾರಾ, ಇಲ್ಲಾ ಟೂರ್ ಮ್ಯಾನೇಜರ್ ಒಬ್ಬರೇ ಎಲ್ಲಾ ಕಡೆ ಮಾತಾಡುತ್ತಾರಾ? ಟೂರ್ ಮ್ಯಾನೇಜರ್ ಕೆಲಸ ಲಗೇಜು, ಊಟ, ಸಮಯ ನೋಡಿಕೊಳ್ಳುವುದು. ಊರಿನ ಕಥೆ ಹೇಳುವವರು ಬೇರೆ.
3. ಕಿವಿಗೆ ಹಾಕುವ ವಿಸ್ಪರ್ ಸೆಟ್ ಕೊಡುತ್ತೀರಾ? ಇದ್ದರೆ ನಿಧಾನಕ್ಕೆ ನಡೆಯುವವರು ಹಿಂದೆ ಬಿದ್ದರೂ ಗೈಡ್ ಮಾತು ಕೇಳುತ್ತದೆ.
4. ಬಸ್ಸು ನಿಲ್ಲುವ ಜಾಗದಿಂದ ಹೋಟೆಲಿಗೆ ಎಷ್ಟು ನಡೆಯಬೇಕು, ಲಗೇಜು ಯಾರು ತರುತ್ತಾರೆ? ಹಳೆ ಊರುಗಳ ಗಲ್ಲಿಗಳಿಗೆ ದೊಡ್ಡ ಬಸ್ ಬರುವುದಿಲ್ಲ.
5. ಹೋಟೆಲಿನಲ್ಲಿ ಲಿಫ್ಟ್ ಇದೆಯಾ? ಹಳೆ ಕಟ್ಟಡಗಳಲ್ಲಿ ಇರುತ್ತದೆ ಅಂತ ಊಹಿಸಬೇಡಿ.
6. ವೀಸಾ ಸಿಗದಿದ್ದರೆ ಎಷ್ಟು ವಾಪಸ್? ಇದರ ಉತ್ತರ ಬರಹದಲ್ಲೇ ಬೇಕು.

ನಾಲ್ಕನೆಯ ಪ್ರಶ್ನೆಗೆ "ಹತ್ತಿರವೇ ಸಾರ್" ಅಂತ ಉತ್ತರ ಬಂದರೆ ಮತ್ತೆ ಕೇಳಿ. ಮೀಟರ್ ಲೆಕ್ಕದಲ್ಲಿ ಹೇಳಲಿ.

ಎಚ್ಚರಿಕೆಯ ಗುರುತುಗಳು: ಇಳಿದ ದಿನವೇ ಸಿಟಿ ಟೂರ್ ಇಟ್ಟಿರುವುದು. ಬೆಳಗ್ಗೆ ಹೊರಡುವ ಹೊತ್ತು ಸತತ ಮೂರು ದಿನ ಎಂಟಕ್ಕಿಂತ ಮುಂಚೆ ಇರುವುದು. "ಆಪ್ಷನಲ್" ಪಟ್ಟಿಯಲ್ಲೇ ಸಿಂತ್ರಾ, ದೋರು ದೋಣಿ, ಫಾದು ಸಂಗೀತ (ಪೋರ್ಚುಗಲ್‌ನದೇ ಹಾಡುಗಾರಿಕೆ) ಎಲ್ಲವೂ ಇರುವುದು. ಕೊನೆಯದು ಕಂಡರೆ ಅದರ ದರ ಸೇರಿಸಿ ಮತ್ತೆ ಲೆಕ್ಕ ಹಾಕಿ. ಅಗ್ಗದ ಟೂರ್ ಅಗ್ಗವಾಗಿ ಉಳಿಯುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಗುಂಪು ಟೂರ್ ಬೇಡ ಅನ್ನುವವರು ಹೋಟೆಲು, ರೈಲು ತಾವೇ ನೋಡಿಕೊಂಡು, ಪ್ರತಿ ಊರಿನಲ್ಲೂ ಅರ್ಧ ದಿನಕ್ಕೆ ಗೈಡ್ ಗೊತ್ತುಮಾಡಿಕೊಳ್ಳಬಹುದು. ನಾಲ್ಕು ಜನ ಇದ್ದರೆ ಇದೇ ವಾಸಿ ಅಂತ ನನ್ನ ಲೆಕ್ಕ. ಲಿಸ್ಬನ್‌ನಿಂದ ಪೋರ್ಟೊಗೆ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ, ಕೊಯಿಂಬ್ರಾ ದಾರಿಯಲ್ಲೇ ಸಿಗುತ್ತದೆ. 65 ದಾಟಿದವರಿಗೆ ಅಲ್ಲಿನ ರೈಲಿನಲ್ಲಿ ಅರ್ಧ ದರ, ವಿದೇಶಿಯರಿಗೂ ಅನ್ವಯ. ಪಾಸ್‌ಪೋರ್ಟ್ ತೋರಿಸಿದರೆ ಸಾಕು.

ಹಂತ 4: ವಿಮಾನದ ಟಿಕೆಟ್

ಲಿಸ್ಬನ್‌ಗೆ ಇಳಿದು ಪೋರ್ಟೊದಿಂದ ಹೊರಡುವ ಟಿಕೆಟ್ ಹುಡುಕಿ. ಬುಕಿಂಗ್ ಪುಟದಲ್ಲಿ "ರೌಂಡ್ ಟ್ರಿಪ್" ಬಿಟ್ಟು "ಮಲ್ಟಿ ಸಿಟಿ" ಒತ್ತಬೇಕು. ಇದನ್ನು ಒತ್ತದೆ ಲಿಸ್ಬನ್-ಲಿಸ್ಬನ್ ಕೊಂಡು, ಕೊನೆಯ ದಿನ ಪೂರ್ತಿ ಹಿಂದಕ್ಕೆ ಬರುವುದರಲ್ಲೇ ಕಳೆದವರು ಬಹಳ.

ಬೆಂಗಳೂರಿನಿಂದ ಹೋಗುವಾಗ ಫ್ರಾಂಕ್‌ಫರ್ಟ್, ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಮಾನ ಬದಲಾಯಿಸಿದರೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಗಡಿ ತಪಾಸಣೆ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್‌ನಿಂದ ಪಾಸ್‌ಪೋರ್ಟ್ ಮುದ್ರೆಯ ಜಾಗದಲ್ಲಿ ಫೋಟೋ, ಬೆರಳಚ್ಚು ತಗೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ. ಸಾಲು ಉದ್ದವಾಗುತ್ತದೆ. ಎರಡು ವಿಮಾನಗಳ ನಡುವೆ ಮೂರು ಗಂಟೆ ಇರಲಿ. ದುಬೈ ಮೂಲಕ ಹೋದರೆ ಈ ತಪಾಸಣೆ ಲಿಸ್ಬನ್‌ನಲ್ಲೇ ಆಗುತ್ತದೆ, ಹಾಗಾಗಿ ಇಳಿದ ಸಂಜೆ ಏನೂ ಇಟ್ಟುಕೊಳ್ಳಬೇಡಿ.

ಬೇಸಿಗೆಯಲ್ಲಿ ಪೋರ್ಚುಗಲ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಸಂಜೆ ಏಳಕ್ಕೇ ನಿದ್ದೆ ತೂಗುತ್ತದೆ, ಬೆಳಗಿನ ಜಾವ ಎಚ್ಚರ. ಮೊದಲ ಎರಡು ದಿನ ಇದನ್ನು ಲೆಕ್ಕದಲ್ಲಿಡಿ.

ಹಂತ 5: ವೀಸಾ

ಬೇಕಾದದ್ದು ಷೆಂಗೆನ್ ಪ್ರವಾಸಿ ವೀಸಾ. ಪ್ರಯಾಣಕ್ಕೆ 6 ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, 15 ದಿನದ ಒಳಗೆ ಬಂದರೆ ತಗೊಳ್ಳುವುದಿಲ್ಲ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45ರವರೆಗೆ ಎಳೆಯುತ್ತದೆ. ಮೂರು ತಿಂಗಳು ಮುಂಚೆ ಸ್ಲಾಟ್ ಹಿಡಿಯಿರಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಇದು ವಾಪಸ್ ಬರುವುದಿಲ್ಲ. ಟೂರ್ ಕಂಪನಿ ಕಾಗದ ತುಂಬಿಕೊಟ್ಟರೂ ಬೆರಳಚ್ಚಿಗೆ ನೀವೇ ಹೋಗಬೇಕು.

ಅರ್ಜಿ ಕೆಡುವುದು ಸಣ್ಣ ಸಣ್ಣ ವಿಷಯಕ್ಕೆ. ಕಾರ್ಯಕ್ರಮದಲ್ಲಿ 13 ರಾತ್ರಿ, ಹೋಟೆಲ್ ಬುಕಿಂಗ್ 12 ರಾತ್ರಿಗೆ. ವಿಮೆ ಲಿಸ್ಬನ್‌ನಲ್ಲಿ ಇಳಿಯುವ ದಿನದಿಂದ ಶುರು, ಆದರೆ ಫ್ರಾಂಕ್‌ಫರ್ಟ್‌ಗೆ ಕಾಲಿಟ್ಟದ್ದು ಹಿಂದಿನ ದಿನ. ಅರ್ಜಿಗೆ ಒಂದು ವಾರ ಮುಂಚೆ ಖಾತೆಗೆ ಎಲ್ಲಿಂದಲೋ ಬಂದು ಬಿದ್ದ ದೊಡ್ಡ ಮೊತ್ತ. ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸಬೇಕು.

ಸ್ಪೇನ್ ಸೇರಿಸಿಕೊಂಡವರು ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೇ ಅರ್ಜಿ ಹಾಕಬೇಕು. ಮೊರಾಕೋಗೆ ಒಂದು ದಿನ ಹೋಗಿಬರುವ ಆಸೆ ಇದ್ದರೆ ಒಂದೇ ಪ್ರವೇಶದ ವೀಸಾ ಸಾಲದು. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ.

ಹಂತ 6: ಲಿಸ್ಬನ್‌ನ ದಿನಗಳನ್ನು ಜೋಡಿಸುವುದು

ಮೊದಲು ಸೋಮವಾರ ಯಾವತ್ತು ಅಂತ ನೋಡಿ. ನದಿ ದಂಡೆಯ ಬೆಲೆಂ ಬಡಾವಣೆಯ ಜೆರೊನಿಮುಶ್ ಮಠ ಸೇರಿ ಹಲವು ಸ್ಮಾರಕ, ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ. ಬೆಲೆಂ ಅನ್ನು ಸೋಮವಾರಕ್ಕೆ ಇಟ್ಟ ಕಾರ್ಯಕ್ರಮ ಕಂಡರೆ, ಅದನ್ನು ಬರೆದವರು ಕ್ಯಾಲೆಂಡರ್ ನೋಡಿಲ್ಲ ಅಂತಲೇ ಅರ್ಥ.

ಮೊದಲ ದಿನ ಸಪಾಟಾದ ಬೈಶಾ ಮತ್ತು ನದಿ ದಂಡೆ ಸಾಕು. ಎರಡನೆಯ ದಿನ ಬೆಳಗ್ಗೆ ಗುಡ್ಡದ ಹಳೆ ಬಡಾವಣೆ ಅಲ್ಫಾಮಾ. ಇಲ್ಲಿ ಒಂದು ಉಪಾಯ: ಮೇಲಿನ ಕೋಟೆಯವರೆಗೆ ವಾಹನದಲ್ಲಿ ಹೋಗಿ, ಕೆಳಕ್ಕೆ ನಡೆದು ಬನ್ನಿ. ಹತ್ತುವ ಶ್ರಮ ಉಳಿದರೆ ನೋಡುವ ಕಣ್ಣು ಉಳಿಯುತ್ತದೆ. ಹಳದಿ ಟ್ರಾಮ್ 28 ಹತ್ತಲೇಬೇಕು ಅನ್ನುವವರು ಬೆಳಗ್ಗೆ ಬೇಗ, ಶುರುವಾಗುವ ನಿಲ್ದಾಣದಲ್ಲೇ ಹತ್ತಿ. ಹತ್ತು ಗಂಟೆಯ ನಂತರ ಒಳಗೆ ನಿಂತವರ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ, ಜೇಬುಗಳ್ಳರಿಗೂ ಅದೇ ಒಳ್ಳೆ ಹೊತ್ತು. ಗ್ಲೋರಿಯಾ ಫ್ಯುನಿಕ್ಯುಲರ್ (ಏರುದಾರಿಯಲ್ಲಿ ಹಗ್ಗದಿಂದ ಎಳೆಯುವ ಹಳಿ ಗಾಡಿ) 2025ರ ಸೆಪ್ಟೆಂಬರ್ 3ರಂದು ಅಪಘಾತವಾಗಿ 16 ಜನ ತೀರಿಕೊಂಡರು. ಹಳೆ ಲೇಖನ ನೋಡಿ ಅದನ್ನು ಪಟ್ಟಿಗೆ ಸೇರಿಸಬೇಡಿ.

ಬೆಲೆಂಗೆ ಒಂದು ಪೂರ್ತಿ ಬೆಳಗು ಕೊಡಿ. ಮಠದ ಚರ್ಚಿನೊಳಗೆ ವಾಸ್ಕೋ ಡ ಗಾಮಾನ ಸಮಾಧಿ ಇದೆ. ಉಳ್ಳಾಲದ ಅಬ್ಬಕ್ಕನ ಕಥೆ ಕೇಳಿ ಬೆಳೆದವರಿಗೆ ಆ ಸಮಾಧಿಯ ಮುಂದೆ ಏನನ್ನಿಸುತ್ತದೋ ಅದನ್ನು ಗೈಡ್ ಹತ್ತಿರ ಧಾರಾಳವಾಗಿ ಮಾತಾಡಿ. ಒಳ್ಳೆಯ ಗೈಡ್ ಆದರೆ ಮಾತು ತಪ್ಪಿಸುವುದಿಲ್ಲ.

ಸಿಂತ್ರಾಗೆ ಹೋಗುವ ದಿನ ಪೆನಾ ಅರಮನೆಯ ಟಿಕೆಟ್ ಮೇಲಿನ ಹೊತ್ತು ನೋಡಿ. ಅದು ಅರಮನೆಯ ಬಾಗಿಲಿಗೆ ತಲುಪಬೇಕಾದ ಹೊತ್ತು, ಕೆಳಗಿನ ಗೇಟಿನದಲ್ಲ. ಗೇಟಿನಿಂದ ಮೇಲಕ್ಕೆ ಏರುದಾರಿಯಲ್ಲಿ ಅರ್ಧ ಗಂಟೆ ಬೇಕು. ಇದು ಗೊತ್ತಿಲ್ಲದೆ ಹೊತ್ತು ತಪ್ಪಿಸಿಕೊಂಡು ಜಗಳ ಆಡುವವರು ದಿನಾ ಸಿಗುತ್ತಾರೆ. ಸಿಂತ್ರಾದಲ್ಲಿ ಒಂದೇ ಅರಮನೆ ನೋಡಿ. ಎರಡು, ಮೂರು ಇಟ್ಟ ಕಾರ್ಯಕ್ರಮ ನಿಧಾನದ್ದಲ್ಲ. ಲಿಸ್ಬನ್‌ನಲ್ಲಿ ಬಿಸಿಲಿದ್ದರೂ ಅಲ್ಲಿ ಮಂಜು ಕವಿಯುತ್ತದೆ, ಜಾಕೆಟ್ ಮರೆಯಬೇಡಿ.

ಹಂತ 7: ಎವೊರಾ ಮತ್ತು ಕೊಯಿಂಬ್ರಾ

ಎವೊರಾ ಲಿಸ್ಬನ್‌ನಿಂದ ಸುಮಾರು 130 ಕಿಲೋಮೀಟರ್. ಒಳಗೆಲ್ಲ ನಡೆದೇ ನೋಡಬಹುದು: ರೋಮನ್ ದೇಗುಲದ ಕಂಬಗಳು, ಕೆಥೆಡ್ರಲ್, ಮೂಳೆಗಳ ಚಾಪೆಲ್. ಈ ಚಾಪೆಲ್‌ನ ಗೋಡೆ, ಕಂಬಗಳ ತುಂಬ ಮನುಷ್ಯರ ಎಲುಬು, ತಲೆಬುರುಡೆ. "ಇಲ್ಲಿರುವ ಮೂಳೆಗಳು ನಾವು, ನಿಮ್ಮವಕ್ಕಾಗಿ ಕಾಯುತ್ತಿದ್ದೇವೆ" ಅಂತ ಬಾಗಿಲ ಮೇಲೆ ಬರೆದಿದೆ. ಮಕ್ಕಳಿದ್ದರೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಮಧ್ಯಾಹ್ನ ಎರಡರಿಂದ ಐದರವರೆಗೆ ಕೋಣೆಯಲ್ಲಿರಿ. ಅಲ್ಲಿನವರೂ ಬಿಸಿಲಿಗೆ ಹೊರಬರುವುದಿಲ್ಲ. ಇನ್ನೊಂದು ದಿನ ಬೆಳಗ್ಗೆ ಅಲೆಂತೆಜುವಿನ ವೈನ್ ತೋಟಕ್ಕೆ ಹೋಗಬಹುದು. ದೊಡ್ಡ ಮಣ್ಣಿನ ಹಂಡೆಯಲ್ಲಿ ವೈನ್ ಹುದುಗಿಸುವ ತಲ್ಯಾ ಪದ್ಧತಿ ಈ ಕಡೆ ಇನ್ನೂ ಇದೆ. ಗೈಡ್ ಹತ್ತಿರ ಅದನ್ನೇ ಕೇಳಿ ಹೋಗಿ.

ಎವೊರಾದಿಂದ ಕೊಯಿಂಬ್ರಾಗೆ ಹೋಗುವ ದಾರಿಯಲ್ಲಿ ತೊಮಾರ್‌ನ ಕ್ರಿಸ್ತನ ಕಾನ್ವೆಂಟ್ ಸಿಗುತ್ತದೆ. ಊಟಕ್ಕೂ ನೋಡುವುದಕ್ಕೂ ಅಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ.

ಕೊಯಿಂಬ್ರಾದ ವಿಶ್ವವಿದ್ಯಾಲಯ ಗುಡ್ಡದ ತುದಿಯಲ್ಲಿದೆ. ಇಲ್ಲೂ ವಾಹನದಲ್ಲಿ ಹತ್ತಿ, ನಡೆದು ಇಳಿಯಿರಿ. ಜೊವಾನಿನಾ ಗ್ರಂಥಾಲಯಕ್ಕೆ ಟಿಕೆಟ್ಟಿನ ಮೇಲಿರುವ ಹೊತ್ತಿಗೇ ಬಿಡುತ್ತಾರೆ. ಆ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು ಉಳಿದದ್ದನ್ನು ಅದರ ಸುತ್ತ ಜೋಡಿಸಿ. ಪುಸ್ತಕಕ್ಕೆ ಹುಳ ಬೀಳದಂತೆ ಕಾಯುವುದು ಅಲ್ಲಿ ವಾಸವಿರುವ ಬಾವಲಿಗಳು. ರಾತ್ರಿ ಮೇಜುಗಳಿಗೆ ಚರ್ಮದ ಹೊದಿಕೆ ಹಾಕಿ ಹೋಗುತ್ತಾರೆ.

ಹಂತ 8: ದೋರು ಕಣಿವೆ, ಅದರ ವೈನ್ ತೋಟಗಳು

ಇಲ್ಲಿನ ಮೊದಲ ತಪ್ಪು ಎಂದರೆ ಪೋರ್ಟೊದಿಂದ ಒಂದೇ ದಿನದಲ್ಲಿ ಹೋಗಿಬರುವುದು. ಪಿನ್ಯಾವ್ ಊರಿಗೆ ರಸ್ತೆಯಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು. ನಡುವೆ ಎರಡು ತೋಟ, ಒಂದು ಊಟ, ಒಂದು ದೋಣಿ. ತೋಟದ ಬೆಟ್ಟಗಳ ಮೇಲೆ ಬೆಳಕು ಚೆಂದ ಇರುವುದು ಬೆಳಗ್ಗೆ, ಸಂಜೆ. ಆ ಹೊತ್ತಿಗೆ ಒಂದು ದಿನದ ಪ್ರವಾಸಿ ಬಸ್ಸಿನಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ಎರಡು ರಾತ್ರಿ ಅಲ್ಲೇ ಉಳಿಯಿರಿ. ರೆಗ್ವಾದಲ್ಲೋ ಪಿನ್ಯಾವ್‌ನಲ್ಲೋ, ಇಲ್ಲವೇ ಕೋಣೆ ಕೊಡುವ ತೋಟದ ಮನೆಯಲ್ಲೋ. ತೋಟಕ್ಕೆ ಅಲ್ಲಿ ಕಿಂತಾ ಅನ್ನುತ್ತಾರೆ.

ಕೊಯಿಂಬ್ರಾ ಕಡೆಯಿಂದ ಬರುವ ಕೋಚ್ ಲಮೆಗು ಮೂಲಕ ಇಳಿಯುತ್ತದೆ. ಅಲ್ಲಿನ ಬೆಟ್ಟದ ಚರ್ಚಿಗೆ 686 ಮೆಟ್ಟಿಲು. ಹತ್ತಲೇಬೇಕಿಲ್ಲ, ಮೇಲಕ್ಕೆ ರಸ್ತೆ ಇದೆ. ಕಣಿವೆಯ ರಸ್ತೆಗಳು ತಿರುವೋ ತಿರುವು. ಆಗುಂಬೆ ಘಾಟಿಯಲ್ಲಿ ವಾಂತಿ ಆಗುವವರು ಹೊರಡುವ ಮುಂಚೆ ಮಾತ್ರೆ ತಗೊಂಡು ಮುಂದಿನ ಸೀಟಿನಲ್ಲಿ ಕೂರಬೇಕು.

ರೈಲಿನಲ್ಲಿ ಬರುವವರಿಗೆ: ಪೋರ್ಟೊದಿಂದ ಪಿನ್ಯಾವ್‌ಗೆ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕಿಟಕಿ, ಬರುವಾಗ ಎಡಗಡೆ. ಎದುರು ಬದಿ ಕೂತವರಿಗೆ ಬಂಡೆ ಕಾಣುತ್ತದೆ, ನದಿ ಕಾಣುವುದಿಲ್ಲ.

ಒಂದು ದಿನಕ್ಕೆ ಎರಡು ಕಿಂತಾ ಮೇಲೆ ಬೇಡ. ಮೂರನೆಯದರಲ್ಲಿ ಎಲ್ಲ ಒಂದೇ ರುಚಿ. ಬೆಳಗ್ಗೆ ಹನ್ನೊಂದಕ್ಕೆ ಒಂದು, ಊಟ, ಸಂಜೆ ನಾಲ್ಕಕ್ಕೆ ಇನ್ನೊಂದು. ಒಂದು ದೊಡ್ಡ ಹೆಸರಿನದು, ಇನ್ನೊಂದು ಮನೆಯವರೇ ನಡೆಸುವ ಸಣ್ಣದು ಆದರೆ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲೇ ಬುಕ್ ಮಾಡಬೇಕು. ಸುಮ್ನೆ ಗೇಟಿನ ಮುಂದೆ ಹೋಗಿ ನಿಂತರೆ ಆಗುವುದಿಲ್ಲ, ಅದರಲ್ಲೂ ಕೊಯ್ಲಿನ ಕಾಲದಲ್ಲಿ.

ರುಚಿ ನೋಡುವಾಗ ಒಂದು ಎಚ್ಚರ. ಪೋರ್ಟ್ ವೈನ್ ಸಾಮಾನ್ಯ ವೈನ್ ಅಲ್ಲ. ಹುದುಗುವಿಕೆ ಅರ್ಧದಲ್ಲಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ನಿಲ್ಲಿಸುತ್ತಾರೆ. ಸಕ್ಕರೆ ಹಾಗೇ ಉಳಿಯುತ್ತದೆ, ಮದ್ಯದ ಅಂಶ 19ರಿಂದ 22 ಶೇಕಡಾಕ್ಕೆ ಏರುತ್ತದೆ. ಸಿಹಿ ಇದೆ ಅಂತ ಪಾನಕದ ಹಾಗೆ ಕುಡಿದರೆ ಮೂರನೆಯ ಗ್ಲಾಸಿಗೆ ಮೆಟ್ಟಿಲು ಎರಡೆರಡಾಗಿ ಕಾಣುತ್ತದೆ. ಖಾಲಿ ಹೊಟ್ಟೆಯಲ್ಲಿ ಬೇಡ. ಉಗುಳುವ ಪಾತ್ರೆ ಇಟ್ಟಿರುತ್ತಾರೆ, ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ.

ಕ್ರಮ ಹೀಗಿರಲಿ: ಮೊದಲು ದೋರುವಿನ ಸಾದಾ ವೈನ್, ಆಮೇಲೆ ಬಿಳಿ ಪೋರ್ಟ್, ಆಮೇಲೆ ರೂಬಿ, ಕೊನೆಗೆ ಟಾನಿ. ರೂಬಿ ಕೆಂಪು, ಹಣ್ಣಿನ ರುಚಿ. ಟಾನಿ ಮರದ ಪೀಪಾಯಿಯಲ್ಲಿ ಹಣ್ಣಾಗಿ ಕಂದುಬಣ್ಣಕ್ಕೆ ತಿರುಗಿದ್ದು, ಒಣಹಣ್ಣಿನ ರುಚಿ. ಬಾಟಲಿ ಮೇಲೆ 10, 20 ಅಂತ ವರ್ಷ ಬರೆದಿರುತ್ತದೆ. ಒಂದೇ ಬಾಟಲಿ ಕೊಳ್ಳುವುದಾದರೆ 10 ವರ್ಷದ ಟಾನಿ ನನ್ನ ಆಯ್ಕೆ. ತೆರೆದ ಮೇಲೂ ಕೆಲವು ವಾರ ತಡೆಯುತ್ತದೆ.

ಕುಡಿಯದವರು ಈ ಭಾಗ ಬಿಡಬೇಕಾಗಿಲ್ಲ. ಬುಕ್ ಮಾಡುವಾಗಲೇ ಹೇಳಿದರೆ ದ್ರಾಕ್ಷಿ ರಸವನ್ನೋ ಇನ್ನೇನನ್ನೋ ಏರ್ಪಾಡು ಮಾಡುವ ತೋಟಗಳಿವೆ. ದ್ರಾಕ್ಷಿ ತುಳಿಯುವ ಕಲ್ಲಿನ ತೊಟ್ಟಿ, ಪೀಪಾಯಿ ಕೋಣೆ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟ ಎಲ್ಲರಿಗೂ ಒಂದೇ.

ದೋಣಿಯ ವಿಷಯದಲ್ಲಿ ಪಿನ್ಯಾವ್‌ನಿಂದ ಒಂದು ಗಂಟೆಯದು ಸಾಕು. ಪೋರ್ಟೊದಿಂದ ರೆಗ್ವಾವರೆಗಿನ ದೋಣಿ ಇಡೀ ದಿನ ನುಂಗುತ್ತದೆ. ಕಾರಪತೇಲು ಅಣೆಕಟ್ಟಿನ ಲಾಕ್‌ನಲ್ಲಿ (ನೀರು ತುಂಬಿಸಿ ದೋಣಿ ಮೇಲೆತ್ತುವ ತೊಟ್ಟಿ) ದೋಣಿ ಸುಮಾರು 35 ಮೀಟರ್ ಮೇಲೇರುವುದು ನೋಡಲು ಸ್ವಾರಸ್ಯವೇ, ಆದರೆ ಉಳಿದ ಹೊತ್ತು ಬರೀ ಕುಳಿತಿರಬೇಕು.

ಹಂತ 9: ಪೋರ್ಟೊ

ಮೊದಲ ಸಂಜೆ ದೊಂ ಲೂಯಿಶ್ ಸೇತುವೆಯ ಮೇಲ್ಭಾಗ ದಾಟಿ ನದಿಯ ಆಚೆ ದಡದ ಗಾಯಾ ಕಡೆಗೆ ನಡೆಯಿರಿ. ಮೆಟ್ರೋ ಅದೇ ಮೇಲ್ಭಾಗದಲ್ಲೇ ಓಡುತ್ತದೆ, ಹಳಿಯ ಮೇಲೆ ನಿಂತು ಫೋಟೋ ತೆಗೆಯಬೇಡಿ. ಪೋರ್ಟ್ ವೈನ್‌ನ ಹಳೆಯ ಗೋದಾಮುಗಳೆಲ್ಲ ಗಾಯಾದಲ್ಲಿವೆ. ದೋರುವಿನಲ್ಲಿ ತೋಟ ನೋಡಿ ಬಂದಿದ್ದರೆ ಇಲ್ಲಿ ಒಂದು ಸಾಕು.

ಸಾವ್ ಬೆಂತು ರೈಲು ನಿಲ್ದಾಣದ ನೀಲಿ ಹೆಂಚುಗಳನ್ನು ನೋಡಲು ಟಿಕೆಟ್ ಬೇಡ. ಬೆಳಗ್ಗೆ ಎಂಟಕ್ಕೆ ಮುಂಚೆ ಹೋಗಿ. ಲೆಲ್ಲೋ ಪುಸ್ತಕದಂಗಡಿಗೆ ಟಿಕೆಟ್ಟೂ ಇದೆ, ಸಾಲೂ ಇದೆ. ಅಷ್ಟು ಹೊತ್ತು ನಿಲ್ಲುವಂಥದ್ದಲ್ಲ ಅಂತ ನನಗನಿಸುತ್ತದೆ, ಆದರೆ ಮಕ್ಕಳು ಕೇಳುವುದಿಲ್ಲ. ಬ್ರಾಗಾದ ಬೊಂ ಜೆಸೂಸ್ ಬೆಟ್ಟಕ್ಕೆ ಹೋಗುವ ದಿನ ನೀರಿನ ಭಾರದಿಂದ ಓಡುವ 1882ರ ಫ್ಯುನಿಕ್ಯುಲರ್‌ನಲ್ಲಿ ಹತ್ತಿ, ಅಂಕುಡೊಂಕಿನ ಮೆಟ್ಟಿಲಲ್ಲಿ ಇಳಿಯಿರಿ.

ಹಂತ 10: ಊಟ

ಊಟಕ್ಕೆ ಕೂತ ಕೂಡಲೇ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಇದು ಉಚಿತ ಅಲ್ಲ. ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ನಗುತ್ತಾ ವಾಪಸ್ ಕಳಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಹೆಚ್ಚಿನ ಅಡುಗೆಮನೆಗಳು ಮುಚ್ಚಿರುತ್ತವೆ. ಮೂರೂವರೆಗೆ ಊಟ ಹುಡುಕಿದರೆ ಸಿಗುವುದು ಕಾಫಿ ಮತ್ತು ಕೇಕು.

ಸಸ್ಯಾಹಾರಿಗಳು "ವೆಜಿಟೇರಿಯನ್" ಅಂದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಕೋಳಿ ಬೇಡ, ಮಾಂಸ ಬೇಯಿಸಿದ ನೀರೂ ಬೇಡ ಅಂತ ಗೈಡ್ ಕೈಲಿ ಪೋರ್ಚುಗೀಸ್‌ನಲ್ಲಿ ಚೀಟಿ ಬರೆಸಿಕೊಂಡು ತೋರಿಸಿ. ಕಾಲ್ಡು ವೆರ್ಡ್ ಅನ್ನುವ ಹಸಿರು ಸೊಪ್ಪಿನ ಸೂಪಿನಲ್ಲಿ ಹಂದಿ ಸಾಸೇಜಿನ ಚೂರು ಇರುತ್ತದೆ. ಬ್ರಾಗಾದ ಪ್ರಸಿದ್ಧ ಪುಡ್ಡಿಂಗ್ ಪುಡಿಂ ಅಬಾದ್ ದ ಪ್ರಿಸ್ಕುಶ್‌ಗೆ ಹಂದಿ ಕೊಬ್ಬು ಹಾಕುತ್ತಾರೆ, ನೋಡಿದರೆ ಕ್ಯಾರಮೆಲ್ ಕಸ್ಟರ್ಡ್! ಎಲ್ಲರೂ ತಿನ್ನುವ ಪಾಸ್ಟೆಲ್ ದ ನಾಟಾದಲ್ಲಿ (ಕಸ್ಟರ್ಡ್ ತುಂಬಿದ ಸಣ್ಣ ಪೇಸ್ಟ್ರಿ) ಮೊಟ್ಟೆ ಇದೆ. ಮೊಟ್ಟೆ ತಿನ್ನುವವರಿಗೆ ಅಲೆಂತೆಜುವಿನ ಅಸೋರ್ಡಾ ಒಳ್ಳೆಯದು: ಬ್ರೆಡ್ಡು, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಆಲಿವ್ ಎಣ್ಣೆ. ಮೀನು ಹಾಕಿಲ್ಲ ಅಂತ ಮಾತ್ರ ಕೇಳಿಕೊಳ್ಳಿ. ಸೆರ್ರಾ ದ ಎಸ್ತ್ರೇಲಾ ಚೀಸನ್ನು ಮುಳ್ಳುಗಿಡದ ಹೂವಿನಿಂದ ಹೆಪ್ಪು ಹಾಕುತ್ತಾರೆ, ಪ್ರಾಣಿಯ ರೆನೆಟ್ (ಹೆಪ್ಪು) ಬೇಡ ಅನ್ನುವವರು ಅದನ್ನು ತಿನ್ನಬಹುದು. ಲಿಸ್ಬನ್‌ನ ಮಾರ್ಟಿಂ ಮೊನಿಜ್ ಸುತ್ತ ಭಾರತೀಯ ಹೋಟೆಲು, ದಿನಸಿ ಅಂಗಡಿಗಳಿವೆ.

ನಮ್ಮ ಕಾಫಿಗೆ ಹತ್ತಿರದ್ದು ಬೇಕಾದರೆ "ಮೆಯಾ ದ ಲೆಯ್ತ್" ಕೇಳಿ. ಬರೀ "ಕೆಫೆ" ಅಂದರೆ ಎರಡು ಗುಟುಕಿನ ಕಡು ಕಪ್ಪು ಬರುತ್ತದೆ.

ಫಾದು ಸಂಗೀತದ ಊಟಕ್ಕೆ ಹೋದರೆ, ಹಾಡು ಶುರುವಾದಾಗ ಮಾತು, ಚಮಚದ ಸದ್ದು ಎರಡೂ ನಿಲ್ಲಬೇಕು. ನಮ್ಮ ಗುಂಪುಗಳಿಗೆ ಬೈಗುಳ ಬೀಳುವುದು ಇಲ್ಲಿಯೇ.

ಹಂತ 11: ದುಡ್ಡು ಮತ್ತು ಜೇಬು

ಎಟಿಎಂ ಬೇಕಾದರೆ "ಮಲ್ಟಿಬಾಂಕೊ" ಅಂತ ಬರೆದಿರುವ ಬ್ಯಾಂಕಿನ ಯಂತ್ರವನ್ನೇ ಬಳಸಿ. ಯಂತ್ರವೋ ಅಂಗಡಿಯವರೋ "ರೂಪಾಯಿಯಲ್ಲಿ ಕಟ್ಟುತ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ, ಯೂರೋ ಆರಿಸಿ. ರೂಪಾಯಿ ಆರಿಸಿದರೆ ಕೆಟ್ಟ ದರ ಬೀಳುತ್ತದೆ.

ಊರಿನ ಪ್ರವಾಸಿ ತೆರಿಗೆ ಹಲವು ಸಲ ಟೂರ್ ದರದಲ್ಲಿ ಸೇರಿರುವುದಿಲ್ಲ. ಲಿಸ್ಬನ್‌ನಲ್ಲಿ ಒಬ್ಬರಿಗೆ ರಾತ್ರಿಗೆ 4 ಯೂರೋ, ಪೋರ್ಟೊದಲ್ಲಿ 3. ಹೋಟೆಲಿನಲ್ಲೇ ಕೇಳುತ್ತಾರೆ.

ಹಿಂಸೆಯ ಅಪರಾಧ ಕಡಿಮೆ, ಜೇಬುಗಳ್ಳತನ ಜಾಸ್ತಿ. ಟ್ರಾಮ್, ವ್ಯೂಪಾಯಿಂಟ್, ಮೆಟ್ರೋ ಬಾಗಿಲು ಮೂರೂ ಕಡೆ ಬ್ಯಾಗು ಮುಂದಿರಲಿ. ಪಾಸ್‌ಪೋರ್ಟ್ ಕೋಣೆಯ ಲಾಕರ್‌ನಲ್ಲಿಟ್ಟು ನಕಲು ಒಯ್ಯಿರಿ. ತುರ್ತಿಗೆ 112.

ಹಂತ 12: ವಾಪಸ್ ಬರುವಾಗ

ವೈನ್ ಬಾಟಲಿಗಳನ್ನು ಚೆಕ್-ಇನ್ ಸೂಟ್‌ಕೇಸಿನ ನಡುವೆ, ಬಟ್ಟೆ ಸುತ್ತಿ ಇಡಿ. ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡದ್ದಾದರೆ ಸೀಲ್ ಮಾಡಿದ ಚೀಲವನ್ನು ಬೆಂಗಳೂರು ತಲುಪುವವರೆಗೆ ಬಿಚ್ಚಬೇಡಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್. ಮುಕ್ಕಾಲು ಲೀಟರಿನ ಬಾಟಲಿ ಎರಡು ಅಂತ ಇಟ್ಟುಕೊಳ್ಳಿ, ಮೂರನೆಯದು ಮಿತಿ ದಾಟುತ್ತದೆ.

ಭಾರತದ ಕಂಪನಿಯಿಂದ ಟೂರ್ ಕೊಂಡಿದ್ದರೆ ಬಿಲ್ಲಿನಲ್ಲಿ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಅಂತ ಒಂದು ಮೊತ್ತ ಹಿಡಿದಿರುತ್ತಾರೆ. ಅದು ಹೋದ ದುಡ್ಡಲ್ಲ. ನಿಮ್ಮ ಪ್ಯಾನ್ ಹೆಸರಿಗೆ ಜಮೆ ಆಗಿದೆಯಾ ಅಂತ ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮೆ ಪಟ್ಟಿಯಲ್ಲಿ ನೋಡಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ತೆರಿಗೆಯಲ್ಲಿ ಕಳೆದುಕೊಳ್ಳಿ ಅಥವಾ ವಾಪಸ್ ಕೇಳಿ. ಬಿಲ್ಲು ಎಸೆಯಬೇಡಿ. ಅಪ್ಪ ಅಮ್ಮನ ಟೂರಿಗೆ ಮಗ ದುಡ್ಡು ಕಟ್ಟಿದ್ದರೆ ಯಾರ ಪ್ಯಾನ್ ಕೊಟ್ಟಿದ್ದೀರಿ ಅಂತ ದುಡ್ಡು ಕಟ್ಟುವ ದಿನವೇ ಬರೆದಿಟ್ಟುಕೊಳ್ಳಿ.